ಬೋರಲು ಹಾಕಿದ ಕೊಡಗಳು

ಕಲಬುರ್ಗಿಯ ಹುಣಸೀಕಟ್ಟೆ ಓಣಿಯ ಬಾವಿಗೆ ಹಲಗೆ ಬಡಿದು ಎರಡು ವರ್ಷವಾಗಿತ್ತು. ಒಂದು ಮಳೆಗಾಲದಲ್ಲಿ ಬಾವಿಯ ಒಂದು ಮಗ್ಗುಲಿನ ಕಲ್ಲುಗಳು ಕುಸಿದವು. ಬಲದಿಯಾದವರು, ಅಂದರೆ ಊರ ಮುನಸಿಪಾಲಿಟಿಯವರು, ಮರುದಿನವೇ ಓಡಿಬಂದು ಬಾವಿಯ ಬಾಯಿಗೆ ಹಲಗೆ ಹೊಡೆದು, ಅದರ ಮೇಲೆ ಉರ್ದುವಿನ ಕಾಗದವೊಂದನ್ನು ಅಂಟಿಸಿ ಹೋದರು. ನಿಜಾಮ ಸರ್ಕಾರದಲ್ಲಿ ಅವರು ಅಷ್ಟು ಚುರುಕಾಗಿ ಮಾಡಿದ ಕೆಲಸ ಅದೊಂದೇ ಇರಬೇಕು. ದುರಸ್ತಿ ಯಾವಾಗ ಎಂದು ಕೇಳಿದರೆ, "ಮಂಜೂರಿ ಬರಲಿ" ಎನ್ನುತ್ತಿದ್ದರು. ಮಂಜೂರಿ ಎಲ್ಲಿಂದ ಹೊರಟಿತ್ತೋ, ಯಾವ ಎತ್ತಿನ ಗಾಡಿ ಹತ್ತಿತ್ತೋ, ಎರಡು ವರ್ಷವಾದರೂ ಬರಲಿಲ್ಲ.

ಓಣಿಯ ಹೆಂಗಸರು ಕೆರೆಯ ಕಡೆಯ ದೊಡ್ಡ ಬಾವಿಗೆ ನಡೆದರು. ಹೋಗಲು ಮುಕ್ಕಾಲು ಮೈಲಿ, ಬರಲು ಮುಕ್ಕಾಲು ಮೈಲಿ. ಬರುವ ಮುಕ್ಕಾಲು ಮೈಲಿ ಹೆಚ್ಚು ಉದ್ದ ಎಂಬುದು ಕೊಡ ಹೊತ್ತವರಿಗೆ ಮಾತ್ರ ಗೊತ್ತು.

ಬಾಳೆಹಣ್ಣಿನ ವ್ಯಾಪಾರಿ ಅಣವೀರಪ್ಪನ ಹೆಂಡತಿ ಜಯದೇವಿಗೆ ಈ ಬಾವಿ ಎದೆಯೊಳಗಿನ ಮುಳ್ಳಾಗಿತ್ತು. ಅವಳಿಗೆ ಒಬ್ಬಳೇ ಮಗಳು, ಶಾರದಾ, ಒಂಬತ್ತು ವರ್ಷದವಳು. ಜಾನಕೀಬಾಯಿಯವರು ತಮ್ಮ ಮನೆಯ ಪಡಸಾಲೆಯಲ್ಲಿ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದಳು. ಬಾವಿ ಮುಚ್ಚಿದ ಮೇಲೆ ಒಬ್ಬಳೇ ತಂದ ನೀರು ಮನೆಗೆ ಸಾಲದೆ ಜಯದೇವಿ ಮಗಳ ಸೊಂಟಕ್ಕೂ ಒಂದು ಸಣ್ಣ ಕೊಡ ಏರಿಸಿದಳು. ಮೊದಲು ಶಾಲೆಗೆ ತಡವಾಯಿತು, ಆಮೇಲೆ ತಪ್ಪಿತು, ಕೊನೆಗೆ ಬಿಟ್ಟೇಹೋಯಿತು. ಅವಳು ಬರೆಯುತ್ತಿದ್ದ ಪಾಟಿ ದೇವರ ಜಗಲಿಯ ಪಕ್ಕ ಗೋಡೆಗೊರಗಿ ಕುಳಿತಿತ್ತು. ತನಗಂತೂ ಒಂದಕ್ಷರ ಬಾರದು, ಮಗಳಿಗಾದರೂ ಬರಲಿ ಎಂದುಕೊಂಡಿದ್ದ ಜಯದೇವಿ ದಿನಾ ಅದರ ಧೂಳು ಒರೆಸುವಾಗ ಮರುಗುತ್ತಿದ್ದಳು.

ಹೀಗಿರುವಾಗ ಇಂತಿಖಾಬು, ಅಂದರೆ ಚುನಾವಣೆ, ಬಂತು. ಬಲದಿಯಾಕ್ಕೆ ಓಣಿಗೊಬ್ಬ ಸದಸ್ಯನನ್ನು ಮನೆಪಟ್ಟಿ ಕಟ್ಟುವ ಗಂಡಸರೇ ಆರಿಸಬೇಕೆಂದು ಸರ್ಕಾರ ಡಂಗುರ ಹೊಡೆಸಿತು. ಅವತ್ತು ಸಂಜೆ ಅಣವೀರಪ್ಪ ಊಟಕ್ಕೆ ಕೂತಾಗ ಜಯದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀವು ನಿಲ್ರಿ."

"ಎಲ್ಲಿ ನಿಲ್ಲಲಿ? ಉಣ್ಣಾಕ ಕೂತೀನಿ."

"ಬಲದಿಯಾಕ್ಕ ನಿಲ್ರಿ. ಗೆದ್ದ ಮ್ಯಾಲ ಮೊದಲನೇ ಮಾತು ಬಾವಿದು. ಮತ್ತೇನೂ ಮಾಡಬ್ಯಾಡ್ರಿ, ಬಾವಿ ಒಂದು ಮಾಡ್ರಿ. ಶಾರದಾ ಸಾಲಿಗೆ ಹೋಗಲಿ."

ಅಣವೀರಪ್ಪ ರೊಟ್ಟಿಯಲ್ಲಿ ಪುಂಡಿಪಲ್ಯ ಸುತ್ತಿಕೊಳ್ಳುತ್ತ ಯೋಚಿಸಿದ. ಅವನು ಕೆಟ್ಟವನಲ್ಲ, ಯಾರಾದರೂ ಹಿಂದಿನಿಂದ ನೂಕಿದರೆ ಮುಂದೆ ಹೋಗುವವನು. ಜಯದೇವಿ ಎಂಟು ದಿನ ನೂಕಿದಳು. ಒಂಬತ್ತನೆಯ ದಿನ ಅವನು ಕಚೇರಿಗೆ ಹೋಗಿ ಹೆಸರು ಕೊಟ್ಟು ಬಂದ. ಅದೇ ದಿನ ಎದುರುಮನೆಯ ಖಮರುದ್ದೀನನೂ ಹೆಸರು ಕೊಟ್ಟಿದ್ದ. ಅವನು ದರ್ಜಿ, ಓಣಿಯ ಗಂಡಸರ ಅಂಗಿಗಳೆಲ್ಲ ಅವನೇ ಹೊಲಿದವು. ಅವನನ್ನು ನೂಕಿದವಳು ಹೆಂಡತಿ ಇಮಾಮಬಿ. ಕಾರಣವೂ ಅದೇ ಬಾವಿ.

"ನಿಮ್ಮವರು ಗೆದ್ರೂ ಬಾವಿ, ನಮ್ಮವರು ಗೆದ್ರೂ ಬಾವಿ," ಎಂದು ಇಮಾಮಬಿ ದೊಡ್ಡ ಬಾವಿಯ ಪಾಳಿಯಲ್ಲಿ ನಿಂತು ನಕ್ಕಳು. "ಯಾರು ಗೆಲ್ತಾರೋ ನೋಡೂಣು ಜಯವ್ವಾ. ಸೋತವರ ಮನಿಯಾಕಿ ಗೆದ್ದವರ ಮನಿಯಾಕಿಗೆ ಎಲಿ ಅಡಿಕಿ ಕೊಡಬೇಕು."

"ಹಾಂಗಾದ್ರ ಎಲಿ ತಂದಿಟ್ಟುಕೋ," ಎಂದಳು ಜಯದೇವಿ.

ಹೀಗೆ ನಗುನಗುತ್ತ ನಡೆಯಬಹುದಿತ್ತು. ಅಷ್ಟರಲ್ಲಿ ಸೋಲಾಪುರದಿಂದ ಸೂಗಪ್ಪ ಬಂದ.

ಸೂಗಪ್ಪ ಅಣವೀರಪ್ಪನ ತಮ್ಮ. ನಾಲ್ಕು ವರ್ಷದಿಂದ ಸೋಲಾಪುರದಲ್ಲಿ ಓದಿನ ನೆಪದಲ್ಲಿದ್ದು, ಅಲ್ಲಿಯ ಸಭೆ ಮೆರವಣಿಗೆಗಳಲ್ಲಿ ಪಳಗಿದವನು. ಖಾದಿ ಟೊಪ್ಪಿಗೆ ಚೀಲದಲ್ಲಿತ್ತು. ರೈಲು ನಿಜಾಮರ ಗಡಿ ದಾಟುವ ಮೊದಲೇ ತೆಗೆದಿಟ್ಟಿದ್ದ. ಮನೆಯೊಳಗೆ ಬಂದ ಮೇಲೆ ಹಾಕಿಕೊಂಡ. ಅಣ್ಣ ಚುನಾವಣೆಗೆ ನಿಂತ ಸುದ್ದಿ ಕೇಳಿ ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

"ಅಣ್ಣಾ, ಪಾಂಡುರಂಗರಾಯರನ್ನ ಕರ್ಕೊಂಡು ಬರ್ತೀನಿ."

"ಯಾವ ಪಾಂಡುರಂಗರಾಯರು?"

"ಅಯ್ಯ, ಮೂರು ಸಲ ಜೇಲಿಗೆ ಹೋಗಿ ಬಂದವರು! ಮುಂಬೈ, ದಿಲ್ಲಿ ಸಭಾದಾಗೆಲ್ಲ ಮೊದಲನೇ ಸಾಲಿನಾಗ ಕೂಡ್ತಾರ. ಅವರು ಬಂದು ನಿನ್ನ ಹೆಗಲ ಮ್ಯಾಲ ಕೈ ಇಟ್ರ ಮುಗೀತು."

ಜಯದೇವಿ ಒಲೆಯ ಮುಂದಿನಿಂದಲೇ ಕೇಳಿದಳು. "ಅವರು ನಮ್ಮ ಓಣಿ ನೋಡ್ಯಾರೇನಪಾ?"

"ಓಣಿ ಏನು ನೋಡೂದು ವೈನಿ? ಅವರು ದೇಶ ನೋಡ್ಯಾರ."

"ದೇಶದಾಗ ನಮ್ಮ ಓಣಿ ಬರ್ತೈತೋ ಇಲ್ಲೋ?"

ಅಣವೀರಪ್ಪ ಕೈ ಎತ್ತಿದ. "ನೀ ಸುಮ್ನಿರು. ಖಮರುದ್ದೀನನೂ ಹೈದ್ರಾಬಾದಿನಿಂದ ಬುರ್ಹಾನುದ್ದೀನ್ ಬ್ಯಾರಿಸ್ಟರನ್ನ ಕರಸ್ತಾನಂತ. ಬಜಾರದಾಗ ಎಲ್ಲಾರೂ ಅದನ್ನೇ ಮಾತಾಡಾಕತ್ತಾರ. ನಾವೂ ಒಬ್ಬರನ್ನ ಕರಸಲಿಲ್ಲಂದ್ರ ಮೂಗು ಹೋಗ್ತದ."

"ಮೂಗಿನ ಸಲುವಾಗಿ ನಿಂತೀರೋ, ಬಾವಿ ಸಲುವಾಗಿ ನಿಂತೀರೋ?"

"ಎರಡೂ ಒಂದೇ!" ಎಂದ ಸೂಗಪ್ಪ. ಅವನ ದನಿ ಏರಿತು. "ವೈನಿ, ಕೇಳಿಲ್ಲಿ. ಈ ಸರ್ಕಾರದಾಗ ನಾಲ್ಕು ಮಂದಿ ಕೂಡಿ ಮಾತಾಡಬೇಕಂದ್ರ ಪೊಲೀಸ್ ಅಮೀನನ ಇಜಾಜತ್ ಬೇಕು, ಅಪ್ಪಣಿ ಬೇಕು. ಮಂದಿ ತಮ್ಮ ನೆರಳಿಗೂ ಅಂಜ್ತಾರ. ಹೊರಗಿನ ದೊಡ್ಡ ಮನುಷ್ಯ ಬಂದು ಅಂಜಬ್ಯಾಡ್ರಿ ಅಂದಾಗ ಇವರ ಎದಿಯಾಗ ಜೀವ ಬರ್ತದ. ನಿನಗ ಬರೇ ಬಾವಿ ಕಾಣ್ತದ."

"ಹೌದು, ನನಗ ಬಾವೀನೇ ಕಾಣ್ತದ. ದಿನಾ ಆರು ಸಲ ಅದರ ಮುಂದಿಂದಲೇ ಹಾದು ಹೋಗ್ತೀನಲ್ಲ," ಎಂದು ಜಯದೇವಿ ರೊಟ್ಟಿಯನ್ನು ಹೆಂಚಿನ ಮೇಲೆ ಎತ್ತಿಹಾಕಿದಳು. "ಅವರು ಮಾತಾಡಿ ಸಂಜಿ ರೈಲಿಗೆ ಹೋಗ್ತಾರ. ಮರುದಿನ ಇಮಾಮಬಿ ಬಾಜೂಕ ಕೊಡ ಹೊತ್ತು ನಡಿಯಾಕಿ ನಾನು."

ಯಾರೂ ಕೇಳಲಿಲ್ಲ. ಕಾಗದ ಹೋಯಿತು, ಕಾಗದ ಬಂತು. ಮುಂದಿನ ಶನಿವಾರ ಪಾಂಡುರಂಗರಾಯರು ಬರುವುದೆಂದು ಗೊತ್ತಾಯಿತು. ಬರಿ ಭಾಷಣವಾದರೆ ಏನು ಚಂದ? ಅಣವೀರಪ್ಪನ ಅಂಗಡಿಯ ದೊಡ್ಡ ತಕ್ಕಡಿಯನ್ನು ಅಂಗಳದ ಬೇವಿನ ಮರಕ್ಕೆ ತೂಗುಹಾಕಿ, ರಾಯರನ್ನು ಒಂದು ಪರಡಿಯಲ್ಲಿ ಕೂಡಿಸಿ, ಇನ್ನೊಂದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಏರಿಸಿ ತುಲಾಭಾರ ಮಾಡುವುದೆಂದು ಅಣ್ಣತಮ್ಮಂದಿರು ಕೂಡಿಯೇ ತೀರ್ಮಾನಿಸಿದರು. ಹಣ್ಣಿಗೆ ಹೇಳಿಬರಲು ಜಯದೇವಿಯನ್ನೇ ಕಮಲಾಪುರಕ್ಕೆ ಕಳಿಸಿದರು, ಏಕೆಂದರೆ ಅಲ್ಲಿದ್ದ ತಾಯಿ ನೀಲಗಂಗಮ್ಮನ ಎದುರು ನಿಂತು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕಮಲಾಪುರದ ತೋಟವನ್ನು ನೀಲಗಂಗಮ್ಮ ಗಂಡ ಸತ್ತಾಗಿನಿಂದ ಒಬ್ಬಳೇ ನೋಡಿಕೊಂಡಿದ್ದಳು. ಅಲ್ಲಿಯ ಬಾಳೆ ಒಂದು ವಿಚಿತ್ರ. ಬೇರೆ ಬಾಳೆ ಹಸಿರು ಇದ್ದಾಗ ಕಾಯಿ, ಹಳದಿಯಾದಾಗ ಹಣ್ಣು. ಈ ಬಾಳೆ ಗಿಡದ ಮೇಲೆಯೇ ಕೆಂಪು; ಕಾಯಿಯೂ ಕೆಂಪು, ಹಣ್ಣೂ ಕೆಂಪು. ಹಣ್ಣಾಯಿತೋ ಇಲ್ಲವೋ ಎಂದು ಕಣ್ಣಿಂದ ಹೇಳಲಾಗದು, ಬೆರಳಿನಿಂದ ಒತ್ತಿ ನೋಡಬೇಕು. ಅದನ್ನು ಬಲ್ಲವರು ಮನೆಯ ಹೆಂಗಸರು. ಗೊನೆ ಕಡಿದು ಗುಂಡಿಯಲ್ಲಿಟ್ಟು, ಒಣಗಿದ ಎಲೆ ಹೊಚ್ಚಿ, ಕುಳ್ಳಿನ ಹೊಗೆ ಕೊಟ್ಟು, ಬಾಯಿಗೆ ಕೆಸರು ಮೆತ್ತಿದರೆ ಐದು ದಿನ ಯಾರೂ ಮುಟ್ಟುವಂತಿಲ್ಲ. ಗಂಡಸರು ಗೊನೆ ಕಡಿಯುವರು, ಗಾಡಿಗೆ ಹೇರುವರು. ಗುಂಡಿಯ ಹತ್ತಿರ ಸುಳಿಯುವವರಲ್ಲ.

ಸೊಸೆ ಹೇಳಿದ್ದೆಲ್ಲ ಕೇಳಿ ಅತ್ತೆ ಬಾಯೊಳಗಿನ ಎಲೆಅಡಿಕೆ ಉಗುಳಿದಳು.

"ತೂಗ್ತಾರಂತ? ಮನುಷ್ಯನ್ನ? ಅಂವಾ ಏನ್ ಬೆಲ್ಲದ ಪೆಂಟಿ ಏನ?"

"ನಾ ಬ್ಯಾಡಂದೆ ಅತ್ತಿ. ನನ್ನ ಮಾತು ಯಾರು ಕೇಳ್ತಾರ?"

"ಬಾವಿ ಹೆಂಗೈತಿ?"

"ಹಾಂಗೇ ಐತ್ರಿ."

"ಶಾರದಾ ಸಾಲಿಗೆ?"

ಜಯದೇವಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿಬಂದವು. ನೀಲಗಂಗಮ್ಮ ಸೊಸೆಯ ಸೊಂಟದ ಮೇಲೆ ಕೊಡ ಕೂತು ಕಪ್ಪಾದ ಜಾಗವನ್ನು ನೋಡಿದಳು.

"ಅಳಬ್ಯಾಡ. ಅತ್ತರ ನೀರು ಬರೂದು ಕಣ್ಣಾಗಷ್ಟೇ," ಎಂದಳು. "ಸೋಮವಾರ ಗುಂಡಿ ಮುಚ್ತೀನಿ. ಶುಕ್ರವಾರ ತೆಗೀತೀನಿ. ಶನಿವಾರಕ್ಕ ಹಣ್ಣು ಬರ್ತಾವ. ಅದಕ್ಕೂ ಮೊದಲು ಆ ದೇವೇಂದ್ರ ಬಂದು ನಿಂತ್ರೂ ತೆಗಿಯಾಕಿ ಅಲ್ಲ, ಹೇಳು ನನ್ನ ಮಕ್ಕಳಿಗೆ."

ಜಯದೇವಿ ಸರ್ವಿಸ್ ಮೋಟಾರು ಹತ್ತಿ ಕಲಬುರ್ಗಿಗೆ ಮರಳಿದಾಗ ಓಣಿಯ ಬಣ್ಣವೇ ಬದಲಾಗಿತ್ತು. ಈ ಸಾಲಿನ ಗೋಡೆಗಳ ಮೇಲೆ ಸುಣ್ಣದಲ್ಲಿ ಪಾಂಡುರಂಗರಾಯರ ಹೆಸರು, ಆ ಸಾಲಿನ ಗೋಡೆಗಳ ಮೇಲೆ ಕಾವಿಯಲ್ಲಿ ಬುರ್ಹಾನುದ್ದೀನ್ ಸಾಹೇಬರ ಹೆಸರು. ಅಣವೀರಪ್ಪನ ಹೆಸರು, ಖಮರುದ್ದೀನನ ಹೆಸರು ಹುಡುಕಿದರೂ ಕಾಣದು. ಅಣವೀರಪ್ಪ ಖಮರುದ್ದೀನನ ಹತ್ತಿರ ಹೊಲಿಯಲು ಕೊಟ್ಟ ಅಂಗಿಯನ್ನು ಒಂದೇ ತೋಳು ಹೊಲಿದಿದ್ದಾಗಲೇ ವಾಪಸು ತರಿಸಿಕೊಂಡಿದ್ದ. ಖಮರುದ್ದೀನನ ಮನೆಯವರು ಬಾಳೆಹಣ್ಣನ್ನು ಸ್ಟೇಷನ್ ಬಜಾರದಿಂದ ತರುತ್ತಿದ್ದರು.

ದೊಡ್ಡ ಬಾವಿಯಲ್ಲೂ ಅದೇ. ಯಾವತ್ತೂ ಒಂದೇ ಇದ್ದ ಪಾಳಿ ಎರಡಾಗಿತ್ತು. ಯಾರು ಮೊದಲು ಹಗ್ಗ ಬಿಡಬೇಕೆಂದು ಜಗಳವಾಗಿ, ಒಂದು ದಿನ ನೂಕಾಟದಲ್ಲಿ ಶಾರದಾ ಜಾರಿ ಬಿದ್ದಳು. ಮೊಣಕಾಲು ಕೆತ್ತಿ ರಕ್ತ ಬಂತು. ಕೊಡ ಉರುಳಿ ನೀರೆಲ್ಲ ಹೋಯಿತು. ಮೊದಲು ಓಡಿಬಂದು ಎತ್ತಿದವಳು ಇಮಾಮಬಿ. ತನ್ನ ದುಪ್ಪಟ್ಟಾದ ಅಂಚಿನಿಂದ ಹುಡುಗಿಯ ಮೊಣಕಾಲು ಒರೆಸಿದಳು.

"ಜಯವ್ವಾ, ಇದು ನಮಗ ಬೇಕಿತ್ತೇನ?" ಎಂದಳು. "ನಮ್ಮವರು ಮನಿಯಾಗ ಬಾವಿ ಮಾತು ಬಿಟ್ಟು ಹದಿನೈದು ದಿನ ಆತು. ಈಗ ಕುರ್ಚಿ ಎಲ್ಲಿಂದ ತರೂದು, ಶೇರವಾನಿ ಯಾವುದು ಹಾಕೂದು, ಇದೇ ಮಾತು."

"ನಮ್ಮಲ್ಲಿ ತಕ್ಕಡಿ," ಎಂದಳು ಜಯದೇವಿ. ಉರುಳಿದ ಕೊಡವನ್ನು ಎತ್ತಿ ಸಿಟ್ಟಿನಿಂದ ಕಲ್ಲಿಗೆ ಕುಕ್ಕಿದಳು. "ಓಟು ಗಂಡಸರ ಕೈಯಾಗೈತಿ ಇಮಾಮಬಿ. ನಮ್ಮ ಕೈಯಾಗ ಏನೈತಿ?"

ಇಮಾಮಬಿ ತನ್ನ ಖಾಲಿ ಕೊಡವನ್ನು ಕಲ್ಲಿನ ಮೇಲೆ ಬೋರಲು ಹಾಕಿ ಅದರ ಮೇಲೆ ಕೈಯೂರಿ ಕುಳಿತಳು. "ಇದೈತಿ," ಎಂದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮನೆಗೆ ಬಂದ ಅತಿಥಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು. ಯಾವ ಜಾತಿಯ ಮನೆಯಾದರೂ ಸರಿ, ನೀರು ಕೊಡದೆ ಕೂಡಿಸಿದರೆ ಮನೆತನದ ಮರ್ಯಾದೆ ಮೂರಾಬಟ್ಟೆ. ಆ ನೀರು ತರುವವರು ಯಾರು? ಪಾಳಿಯಲ್ಲಿದ್ದ ಹೆಂಗಸರೆಲ್ಲ ಹತ್ತಿರ ಬಂದರು. ಮೊದಮೊದಲು ಹೆದರಿದರು, ಗಂಡ ಹೊಡೆದಾನು ಎಂದರು. ಜಯದೇವಿ ಮಗಳ ಮೊಣಕಾಲು ತೋರಿಸಿದಳು. ಎರಡೂ ಪಾಳಿಯವರು ಅಲ್ಲಿಯೇ ಒಪ್ಪಿ ಮಾತು ಕೊಟ್ಟರು.

ಇತ್ತ ಗಂಡಸರಿಗೆ ಬೇರೆ ಫಜೀತಿ. ಸಭೆಗೆ ಇಜಾಜತ್ ಕೇಳಲು ಹೋದರೆ ಅಮೀನ ಸಲಾವುದ್ದೀನ್ ಸಾಹೇಬ ಎರಡೂ ಕಡೆಯವರನ್ನು ಒಟ್ಟಿಗೆ ನಿಲ್ಲಿಸಿ ಹೇಳಿದ: "ದಿನಕ್ಕೊಂದು ಗದ್ದಲ ಕಾಯಾಕ ನನ್ನ ಹತ್ರ ಜವಾನರಿಲ್ಲ. ಬುಧವಾರ ಮಧ್ಯಾಹ್ನ, ಒಂದೇ ದಿನ, ಇಬ್ಬರೂ ಮುಗಿಸ್ಕೊಳ್ರಿ. ಬೀದಿಯಾಗಲ್ಲ, ನಿಮ್ಮ ನಿಮ್ಮ ಅಂಗಳದಾಗ." ಶನಿವಾರದ ಅತಿಥಿಗಳು ಬುಧವಾರಕ್ಕೆ ಬರಬೇಕಾಯಿತು. ತಂತಿ ಹೋದವು. ಸೂಗಪ್ಪ ಮಂಗಳವಾರವೇ ಗಾಡಿ ಹೂಡಿಸಿಕೊಂಡು ಕಮಲಾಪುರಕ್ಕೆ ಓಡಿದ.

ನೀಲಗಂಗಮ್ಮ ಗುಂಡಿಯ ಬಾಯಿಗೆ ಅಡ್ಡ ಕೂತಿದ್ದಳು.

"ಅವ್ವಾ, ಏಳು. ನಾಳೆ ಸಭಾ ಐತಿ."

"ನಿನ್ನೆ ಮುಚ್ಚಿದ ಗುಂಡಿ. ಶುಕ್ರವಾರ ಅಂದಿದ್ದೆ."

"ದೇಶದ ಕೆಲಸ ಅವ್ವಾ! ಬಾಳೆಕಾಯಿ ಸಲುವಾಗಿ ನಿಂದ್ರಿಸ್ತೀ ಏನ?"

"ಕಾಯಿ ಅಂತ ನೀನೇ ಅನ್ನಾಕತ್ತಿ."

ಸೂಗಪ್ಪ ಕೆಸರು ಕಿತ್ತು ಎಲೆ ಸರಿಸಿದ. ಒಳಗೆ ಗೊನೆಗಳು ಕೆಂಪಗೆ ಹೊಳೆಯುತ್ತಿದ್ದವು. "ನೋಡು, ಎಷ್ಟು ಕೆಂಪಗಾಗ್ಯಾವ! ಇದಕ್ಕಿಂತ ಇನ್ನೇನು ಹಣ್ಣಾಗಬೇಕು?" ಎಂದ. ಬಾಳೆತೋಟದ ಮನೆಯಲ್ಲಿ ಹುಟ್ಟಿದ ಮಗ! ನಾಲ್ಕು ವರ್ಷ ಸೋಲಾಪುರದ ನೀರು ಕುಡಿದದ್ದಕ್ಕೆ ಒತ್ತಿ ನೋಡುವುದನ್ನೂ ಮರೆತಿದ್ದ. ನೀಲಗಂಗಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದಳು.

"ನಿನ್ನ ಕಣ್ಣಿಗೆ ಹಣ್ಣು ಕಂಡ್ರ ಒಯ್ಯಪಾ. ಗಾಡ್ಯಾಗ ನನಗೊಂದು ಜಾಗ ಇಡು. ಈ ತುಲಾಭಾರ ನಾನೂ ನೋಡಾಕಿ."

ಬುಧವಾರ ಬೆಳಿಗ್ಗೆ ಹೆಂಗಸರು ಒಂದೇ ಸುತ್ತು ನೀರಿಗೆ ಹೋಗಿಬಂದರು. ಅಡುಗೆಗೆ, ಗಂಡಸರ ಸ್ನಾನಕ್ಕೆ ಅದು ಖರ್ಚಾಯಿತು. ಮಧ್ಯಾಹ್ನ ಎರಡು ಟಾಂಗಾಗಳು ಓಣಿಗೆ ಬಂದವು. ಒಂದರಿಂದ ಬಿಳಿ ಮೀಸೆಯ, ಬಡಕಲು ಮೈಯ ಪಾಂಡುರಂಗರಾಯರು ಇಳಿದು ಈ ಅಂಗಳಕ್ಕೆ ಬಂದರು. ಇನ್ನೊಂದರಿಂದ ಬುರ್ಹಾನುದ್ದೀನ್ ಸಾಹೇಬರು ಇಳಿದು ಆ ಅಂಗಳಕ್ಕೆ ಹೋದರು. ಹಾರ ಹಾಕುವ ಗಡಿಬಿಡಿಯಲ್ಲಿ ಕಾಲಿಗೆ ನೀರು ಕೊಡಲಿಲ್ಲವೆಂಬುದು ಯಾವ ಗಂಡಸಿನ ಗಮನಕ್ಕೂ ಬರಲಿಲ್ಲ. ಬಿಸಿಲು ಧಗಧಗ ಸುಡುತ್ತಿತ್ತು. ರಾಯರು ಒಂದು ತಾಸು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಸ್ವರಾಜ್ಯ ಎಂದರು, ಜವಾಬ್ದಾರಿ ಸರ್ಕಾರ ಎಂದರು, ಹೆದರಬೇಡಿ ಎಂದರು. ಎದುರು ಅಂಗಳದಿಂದ ಬುರ್ಹಾನುದ್ದೀನ್ ಸಾಹೇಬರ ಉರ್ದು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅದೂ ಚೆನ್ನಾಗಿಯೇ ಇತ್ತು. ಹುಣಸೀಕಟ್ಟೆಯ ಬಾವಿಯ ಹೆಸರು ಮಾತ್ರ ಈ ಕಡೆಯಿಂದಲೂ ಬರಲಿಲ್ಲ, ಆ ಕಡೆಯಿಂದಲೂ ಬರಲಿಲ್ಲ.

ಭಾಷಣ ಮುಗಿದ ಮೇಲೆ ರಾಯರನ್ನು ತಕ್ಕಡಿಯಲ್ಲಿ ಕೂಡಿಸಿದರು. ಗೊನೆಗಳು ಏರಿದವು, ಪರಡಿ ಸಮನಾಯಿತು, ಚಪ್ಪಾಳೆ ಬಿತ್ತು. ತೂಗಿಸಿಕೊಂಡವರು ಮೊದಲ ಹಣ್ಣು ತಿನ್ನಬೇಕಲ್ಲ? ಸೂಗಪ್ಪ ತಾನೇ ಕೆಂಪಗಿನದೊಂದನ್ನು ಕಿತ್ತು, ಸಿಪ್ಪೆ ಸುಲಿಯಲು ಒದ್ದಾಡಿ, ಕೊನೆಗೆ ಉಗುರಿನಿಂದ ಕೆರೆದು ಸುಲಿದು ಕೈಗಿಟ್ಟ. ಹಸಿದಿದ್ದ ರಾಯರು ಅರ್ಧ ಬಾಯಿಗೆ ಹಾಕಿಕೊಂಡರು.

ಅವರ ಮುಖ ಒಮ್ಮೆಲೇ ಕಿವುಚಿಕೊಂಡಿತು. ಒಗರು ನಾಲಿಗೆಗೆ ಅಂಟಿತು. ಸಭೆಯ ಮುಂದೆ ಉಗುಳುವಂತಿಲ್ಲ, ನುಂಗಲಾಗುವುದಿಲ್ಲ. ಕಣ್ಣಲ್ಲಿ ನೀರು ಬಂತು, ಬಾಯಿಗೆ ಬೇಕಾದ ನೀರು ಬರಲಿಲ್ಲ.

"ಶುಕ್ರವಾರ ಅಂದಿದ್ದೆ ನಾ," ಎಂದಳು ಬಾಗಿಲಲ್ಲಿ ಕೂತಿದ್ದ ನೀಲಗಂಗಮ್ಮ.

"ಪಾಣೀ... ನೀರು," ಎಂದರು ರಾಯರು.

ಅಣವೀರಪ್ಪ ಒಳಗೆ ಓಡಿದ. ನೀರಿನ ಕೊಡಗಳಿರುತ್ತಿದ್ದ ಜಾಗ ಖಾಲಿ. ಪಕ್ಕದ ಮನೆಗೆ ಓಡಿದ, ಅಲ್ಲಿಯೂ ಖಾಲಿ. ಗತಿಯಿಲ್ಲದೆ ಖಾಲಿ ತಂಬಿಗೆ ಹಿಡಿದು ಖಮರುದ್ದೀನನ ಮನೆಗೇ ಹೋಗೋಣವೆಂದು ಬೀದಿಗಿಳಿದರೆ, ಖಮರುದ್ದೀನ ಖಾಲಿ ಲೋಟ ಹಿಡಿದು ಇವನ ಮನೆಯ ಕಡೆಗೇ ಬರುತ್ತಿದ್ದ. ಹದಿನೈದು ದಿನದಿಂದ ಮಾತು ಬಿಟ್ಟವರು ಬೀದಿಯ ನಟ್ಟನಡುವೆ ಎದುರಾಬದುರಾ ನಿಂತರು.

"ಜರಾ ನೀರು ಐತೇನು?" ಎಂದ ಖಮರುದ್ದೀನ.

"ನಾ ನಿಮ್ಮನ್ನ ಕೇಳಾಕ ಹೊಂಟಿದ್ದೆ," ಎಂದ ಅಣವೀರಪ್ಪ.

ಆಗ ಇಬ್ಬರೂ ಬಾವಿಯ ಕಡೆ ನೋಡಿದರು. ಬಡಿದ ಹಲಗೆಗಳ ಮೇಲೆ ಓಣಿಯ ಕೊಡಗಳೆಲ್ಲ, ತಾಮ್ರದ್ದು, ಹಿತ್ತಾಳೆಯದ್ದು, ಮಣ್ಣಿನದು, ಬೋರಲು ಬಿದ್ದಿದ್ದವು. ಸುತ್ತ ಓಣಿಯ ಹೆಂಗಸರೆಲ್ಲ ಕೂತಿದ್ದರು. ನಡುವೆ ಜಯದೇವಿ, ಅವಳ ಪಕ್ಕ ಇಮಾಮಬಿ.

ಸುದ್ದಿ ಅಂಗಳಗಳಿಗೆ ಹೋಗಿ ಎರಡೂ ಕಡೆಯ ಜನ ಬೀದಿಗೆ ಬಂದರು. ಬೀದಿಯಲ್ಲಿ ಸಭೆ ಕೂಡದೆಂದಿದ್ದ ಅಮೀನ ಸಾಹೇಬ ಬೆತ್ತ ಹಿಡಿದು ಓಡಿಬಂದ. ಅವನ ಹಿಂದೆ ಇಬ್ಬರು ಅತಿಥಿಗಳೂ ಬಂದರು.

"ಜಯಾ! ಎದ್ದೇಳು! ನನ್ನ ಮಾನ ತಗೀಬ್ಯಾಡ," ಎಂದು ಅಣವೀರಪ್ಪ ಕೂಗಿದ.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಜಯದೇವಿ ಗಂಡನಿಗೆ ಬೀದಿಯಲ್ಲಿ ನಿಂತು ಎದುರು ಮಾತಾಡಿದವಳಲ್ಲ. ಎದ್ದು ನಿಂತಳು. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ಓಣಿಯ ತುದಿಗೆ ಮುಟ್ಟಿತು. ಮಾತು ಗಂಡನಿಗಲ್ಲ, ರಾಯರಿಗೆ.

"ನೀರು ಐತ್ರಿ. ಈ ಹಲಗಿ ಕೆಳಗ ಐತಿ. ಎರಡು ವರ್ಷ ಆತು, ಮುಚ್ಚ್ಯಾರ. ನಮ್ಮ ಹೆಣ್ಣುಮಕ್ಕಳು ಸಾಲಿ ಬಿಟ್ಟು ಮುಕ್ಕಾಲು ಮೈಲಿ ನೀರು ಹೊರ್ತಾವ. ನೀವು ಜೇಲಿಗೆ ಅಂಜಿಲ್ಲಂತ. ಅಂಜಬ್ಯಾಡ್ರಿ ಅಂತ ಈಗ ನಮಗೂ ಹೇಳಿದ್ರಿ. ಈ ಒಂದು ಹಲಗಿ ಎತ್ತಸ್ರಿ, ನಾನೇ ಸೇದಿ ನಿಮ್ಮ ಕೈಗೆ ನೀರು ಕೊಡ್ತೀನಿ."

ರಾಯರು ಹಲಗೆಯನ್ನು ನೋಡಿದರು, ಅದರ ಮೇಲಿನ ಉರ್ದು ಕಾಗದವನ್ನು ನೋಡಿದರು, ಅಮೀನನ ಬೆತ್ತವನ್ನು ನೋಡಿದರು. ಒಗರು ಹಿಡಿದ ನಾಲಿಗೆ ಹೊರಳಿಸಿ ಮೆಲ್ಲಗೆ ಹೇಳಿದರು: "ತಾಯಿ, ಇದು ಇಲ್ಲಿಯ ಬಲದಿಯಾದ ವಿಷಯ. ಇಲ್ಲಿಯವರೇ ನೋಡಿಕೊಳ್ಳಬೇಕು."

"ದುರುಸ್ತ್ ಫರ್ಮಾಯಾ," ಎಂದು ತಲೆದೂಗಿದರು ಬುರ್ಹಾನುದ್ದೀನ್ ಸಾಹೇಬರು. ಆ ಇಡೀ ದಿನದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ.

"ಬಾವಿ ಇಲ್ಲಿಯವರೇ ನೋಡ್ಕೋಬೇಕು," ಎಂದಳು ಜಯದೇವಿ. "ಹಾಂಗಾದ್ರ ಬಾವಿ ಸಲುವಾಗಿ ನಡದ ಇಂತಿಖಾಬಿಗೆ ನೀವಿಬ್ಬರೂ ಯಾಕ ಬಂದ್ರಿ?"

ರಾಯರು ಸೂಗಪ್ಪನ ಕಡೆ ತಿರುಗಿದರು. "ಬಾವಿಯ ಮಾತು ನನಗೆ ಯಾಕೆ ಹೇಳಲಿಲ್ಲ?" ಎಂದರು. ಸೂಗಪ್ಪನ ಮುಖ ಅವನು ತಂದ ಕಾಯಿಗಿಂತ ಕೆಂಪಾಯಿತು. ರಾಯರು ಜಯದೇವಿಗೆ ಕೈ ಮುಗಿದು ಟಾಂಗಾ ಹತ್ತಿದರು. ಬ್ಯಾರಿಸ್ಟರ್ ಸಾಹೇಬರು ಕೈ ಮುಗಿಯಲಿಲ್ಲ, ಆದರೆ ಅವರ ಟಾಂಗಾ ಇನ್ನೂ ಜೋರಾಗಿ ಓಡಿತು.

ಅಣವೀರಪ್ಪ ನಾಲ್ಕು ದಿನ ಹೆಂಡತಿಯ ಮುಖ ನೋಡಲಿಲ್ಲ. ಸೂಗಪ್ಪ ಮರುದಿನ ಸೋಲಾಪುರಕ್ಕೆ ಹೊರಟಾಗ ಅಡುಗೆಮನೆಯ ಬಾಗಿಲಿಗೆ ಬಂದ.

"ವೈನಿ, ಸಿಟ್ಟು ಐತಿ ನನಗ. ಆದ್ರ ಒಂದು ಮಾತು. ಅವರು ಬರದಿದ್ರ ಆ ಬಾವಿ ಸುತ್ತ ಅಷ್ಟು ಮಂದಿ ಕೂಡ್ತಿದ್ರೇನು? ಅಮೀನನ ಎದುರು ನೀ ಬಾಯಿ ತೆರೀತಿದ್ದೇನು?"

ಜಯದೇವಿ ಹಿಟ್ಟಿನ ಕೈ ನಿಲ್ಲಿಸಿ ಯೋಚಿಸಿದಳು. "ಅದೂ ಖರೇನ," ಎಂದಳು. "ಮುಂದಿನ ಸಲ ಕರ್ಕೊಂಡು ಬರೂ ಮೊದಲು ಓಣಿ ತೋರಿಸು. ಬುತ್ತಿ ತಗೋ, ರೈಲಿಗೆ ಹೊತ್ತಾಗ್ತದ."

ಮುಂದಿನ ಸೋಮವಾರ ಕಚೇರಿಯಲ್ಲಿ ತಹಶೀಲದಾರರ ಎದುರು ಓಣಿಯ ಗಂಡಸರು ಒಬ್ಬೊಬ್ಬರಾಗಿ ಹೆಸರು ಹೇಳಿ ಬಂದರು. ಐದು ಓಟಿನಿಂದ ಖಮರುದ್ದೀನ ಗೆದ್ದ. ಅಣವೀರಪ್ಪ ಮನೆಗೆ ಬಂದು ರುಮಾಲು ಕಿತ್ತೆಸೆದ.

"ನೀನೇ ನಿಲ್ಲಿಸಿದಿ, ನೀನೇ ಸೋಲಿಸಿದಿ! ಸಮಾಧಾನ ಆತೇನು?"

"ಆಗಿಲ್ಲ," ಎಂದಳು ಜಯದೇವಿ. "ಬಾವಿ ಸಲುವಾಗಿ ನಿಲ್ಲಿಸಿದ್ದೆ. ನೀವು ತಕ್ಕಡಿ ಸಲುವಾಗಿ ನಿಂತ್ರಿ. ನೀವು ಸೋತದ್ದಕ್ಕ ನನಗೂ ಕೆಟ್ಟ ಅನಸ್ತದ, ಖರೇ ಹೇಳ್ತೀನಿ. ಆದ್ರ ಇನ್ನೊಂದು ಮಾತು ಕೇಳ್ರಿ. ನಾಳಿಂದ ಶಾರದಾ ಸಾಲಿಗೆ ಹೋಗ್ತಾಳ. ನನ್ನ ಪಾಲಿನ ನೀರು ನಾ ತರ್ತೀನಿ. ಆಕಿ ಪಾಲಿಂದು ನೀವು ತರ್ರಿ."

"ನಾನು? ಕೊಡ ಹೊತ್ತು? ಬಜಾರದ ಮಂದಿ ಏನಂದಾರು?"

"ಮಂದಿ ಸಲುವಾಗೇ ಅಲ್ಲೇನು ನೀವು ಇಂತಿಖಾಬಿಗೆ ನಿಂತದ್ದು?"

ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ ನೀಲಗಂಗಮ್ಮ ಗಟ್ಟಿಯಾಗಿ ನಕ್ಕಳು. ಅವಳು ಊರಿಗೆ ಹೋಗುವ ಮಾತೇ ಎತ್ತಿರಲಿಲ್ಲ; ಇಂಥ ತಮಾಷೆ ಕಮಲಾಪುರದಲ್ಲಿ ಎಲ್ಲಿ ಸಿಗಬೇಕು?

ಮಂಗಳವಾರ ಅಣವೀರಪ್ಪ ಹಟ ಹಿಡಿದ. ಜಯದೇವಿ ತಂದ ನೀರು ಕುಡಿಯಲು, ತೊಳೆಯಲು ಆಯಿತು, ರೊಟ್ಟಿಗೆ ಉಳಿಯಲಿಲ್ಲ. ತುಲಾಭಾರದ ಕಾಯಿಗಳು ಅಷ್ಟರಲ್ಲಿ ಮನೆಯ ಮೂಲೆಯಲ್ಲೇ ಹಣ್ಣಾಗಿದ್ದವು. ಬೆಳಿಗ್ಗೆ ಬಾಳೆಹಣ್ಣು, ಮಧ್ಯಾಹ್ನ ಬಾಳೆಹಣ್ಣು, ಸಂಜೆ ಮತ್ತೆ ಎರಡು ಬಾಳೆಹಣ್ಣು. ಬುಧವಾರವೂ ಅದೇ. ಗುರುವಾರ ಬೆಳಿಗ್ಗೆ ಅವನು ಯಾರಿಗೂ ಕಾಣದಂತೆ ಕೊಡ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟ.

ದೊಡ್ಡ ಬಾವಿಯ ಪಾಳಿಯಲ್ಲಿ ತಲೆ ತಗ್ಗಿಸಿ ನಿಂತ. ಮುಂದೆ ಇದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಖಮರುದ್ದೀನ, ಹೊಸ ಸದಸ್ಯ, ಸೊಂಟದ ಮೇಲೆ ತಾಮ್ರದ ಕೊಡ. ಶೇರವಾನಿ ಮೊಣಕಾಲಿನವರೆಗೆ ನೆನೆದಿತ್ತು.

"ಎರಡನೇ ಸುತ್ತು," ಎಂದ ಖಮರುದ್ದೀನ ಸಣ್ಣ ದನಿಯಲ್ಲಿ. "ಬಾವಿ ಆಗೂತನಕ ಇದೇ ಅಂತ ಹೇಳ್ಯಾಳ."

ಅಣವೀರಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ. ಖಮರುದ್ದೀನನೂ ನಕ್ಕ.

"ಮುಂದಿನ ತಿಂಗಳು ಬಲದಿಯಾದ ಜಲಸಾ ಐತಿ, ಎಲ್ಲಾ ಸದಸ್ಯರು ಕೂಡ್ತಾರ. ಅರ್ಜಿ ಇಡ್ತೀನಿ. ನೀವೂ ಸಹಿ ಹಾಕಿದ್ರ ಛಲೋ."

"ಮುಂದಿನ ತಿಂಗಳು?" ಅಣವೀರಪ್ಪ ಭುಜ ತಿಕ್ಕಿಕೊಂಡ. "ಖಮರುಭಾಯಿ, ಈ ಕೊಡ ಮನೀಗೆ ಮುಟ್ಟಿಸಿ ಇವತ್ತೇ ಹೋಗೂಣು. ಮಂಜೂರಿ ಕೊಡೂತನಕ ಅಲ್ಲೇ ಕೂಡೂಣು."

ಅಷ್ಟರಲ್ಲಿ ಕೆರೆಯ ದಾರಿಯಲ್ಲಿ ಜಾನಕೀಬಾಯಿಯವರ ಮನೆಯ ಕಡೆಗೆ ಹೊರಟ ಐದಾರು ಹುಡುಗಿಯರು ಬಂದರು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ಕಂಕುಳಲ್ಲಿ ಪಾಟಿ. ಗಂಡಸರಿಬ್ಬರೂ ಕೊಡ ಹಿಡಿದು ದಾರಿಗೆ ಅಡ್ಡ ನಿಂತಿದ್ದರು. ಎಲ್ಲರಿಗಿಂತ ಮುಂದೆ ಇದ್ದವಳು ಶಾರದಾ. ಅಪ್ಪನನ್ನು ನೋಡಿದಳು, ಕೊಡವನ್ನು ನೋಡಿದಳು. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಅಪ್ಪಾ, ಜರಾ ಸರಿ," ಎಂದಳು. "ನನಗ ಸಾಲಿಗೆ ಹೊತ್ತಾತು."